ಮಿರಜಿಗೆ ಒಯ್ಯುವ ದಾರಿ

ಗೋಕಾಕ ಸೀಮೆಯ ಮೇಲವಂಕಿಯಂಥ ಊರುಗಳಲ್ಲಿ ಹೊಟ್ಟಿಬ್ಯಾನಿ ಬಿಗಡಾಯಿಸಿದರೆ ಹಿರಿಯರ ಬಾಯಿಗೆ ಬರುತ್ತಿದ್ದ ಮಾತು ‘ಮಿರಜಿಗೆ ಒಯ್ಯಿರಿ’. ಕಚೇರಿಯ ಕೆಲಸಕ್ಕೆ ಬೆಳಗಾವಿ, ಸಂತೆಗೆ ಗೋಕಾಕ. ಹೊಟ್ಟೆ ಕೊಯ್ಯಿಸಿಕೊಳ್ಳಲು ಮಾತ್ರ ಮಿರಜ. ಇಲ್ಲಿನ ಸರ್ಜನ್ ವೃತ್ತಿಯ ಚರಿತ್ರೆಯನ್ನು ವೈದ್ಯಕೀಯ ಕಾಲೇಜುಗಳಿಂದ ಆರಂಭಿಸುವುದು ರೂಢಿ. ಅದು ರೈಲು ಹಳಿಯಿಂದ ಆರಂಭವಾಗಬೇಕು ಎಂಬುದು ನನ್ನ ವಾದ. ಸದರ್ನ್ ಮರಾಠಾ ರೈಲ್ವೆ 1880ರ ದಶಕದ ಕೊನೆಯಲ್ಲಿ ಘಟಪ್ರಭಾ, ಗೋಕಾಕ ರೋಡ್ ನಿಲ್ದಾಣಗಳನ್ನು ಮಿರಜಿನೊಂದಿಗೆ ಬೆಸೆಯಿತು. ಕೆನಡಾ ಮೂಲದ ಮಿಷನರಿ ಸರ್ಜನ್ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದರು. ಕರುಳು ಗಂಟಿಕ್ಕಿದವನನ್ನು ಚಕ್ಕಡಿಯಲ್ಲಿ ದಿನಗಟ್ಟಲೆ ಸಾಗಿಸಿದರೆ ದಾರಿಯಲ್ಲೇ ಜೀವ ಹೋಗುತ್ತದೆ. ರೈಲಿನಲ್ಲಿ ಅದು ಕೆಲವು ತಾಸಿನ ಪಯಣ. ರೋಗಿ ಬದುಕಿ ತಲುಪುವ ದಾರಿ ಇದ್ದಾಗಲೇ ಸರ್ಜನ್ನನ ಕೈಗೆ ಕೆಲಸ.

ಹೊಟ್ಟೆಯನ್ನೇ ಮುಂದಿಟ್ಟು ಹೇಳಲು ಕಾರಣವಿದೆ. ಕೈಕಾಲು ಕತ್ತರಿಸುವುದು, ಬಾವು ಸೀಳುವುದು ಹಳೆಯ ವಿದ್ಯೆ; ಹೊಟ್ಟೆ ತೆರೆದರೆ ಮಾತ್ರ ಕೀವಾಗಿ ಸಾಯುವುದೇ ಹೆಚ್ಚಾಗಿತ್ತು. 1846ರಲ್ಲಿ ಈಥರ್ ನೋವನ್ನು ಮರೆಸಿತು, 1867ರಲ್ಲಿ ಲಿಸ್ಟರ್ ಕಾರ್ಬಾಲಿಕ್ ಆಮ್ಲದಿಂದ ಗಾಯದ ಕೊಳೆತವನ್ನು ತಡೆದ ಬಗೆ ಪ್ರಕಟಿಸಿದರು, 1881ರಲ್ಲಿ ವಿಯೆನ್ನಾದಲ್ಲಿ ಬಿಲ್‌ರೋತ್ ಕ್ಯಾನ್ಸರ್ ತಗುಲಿದ್ದ ಜಠರದ ಭಾಗವನ್ನು ತೆಗೆದರು, ರೋಗಿ ಆ ಶಸ್ತ್ರಕ್ರಿಯೆಯಿಂದ ಚೇತರಿಸಿಕೊಂಡರು. ಅದಾದ ಹದಿಮೂರೇ ವರ್ಷಕ್ಕೆ ಮಿರಜಿನ ಆಸ್ಪತ್ರೆ! ಸುಶ್ರುತನನ್ನು ಮರೆತಿರಾ ಎಂದು ಕೇಳುವವರಿದ್ದಾರೆ, ಕೇಳಲೇಬೇಕಾದ ಪ್ರಶ್ನೆ. ತೂತುಬಿದ್ದ ಕರುಳಿನ ಅಂಚನ್ನು ಕಪ್ಪಿರುವೆಗಳಿಂದ ಕಚ್ಚಿಸಿ, ಮೈ ಕತ್ತರಿಸಿ ತಲೆಯನ್ನಷ್ಟೇ ಹೊಲಿಗೆಯಂತೆ ಉಳಿಸುವ ವಿಧಾನ ಸುಶ್ರುತ ಸಂಹಿತೆಯಲ್ಲಿದೆ. ಎಂಥ ಸೂಕ್ಷ್ಮ ಕಣ್ಣು ಅದು! ಆದರೆ ಶಸ್ತ್ರವಿದ್ಯೆ ಗ್ರಂಥದಲ್ಲಿ ಉಳಿದರೆ ಸಾಲದು, ಕೈಯಿಂದ ಕೈಗೆ ದಾಟಬೇಕು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಪಂಡಿತರು ಓದುತ್ತಿದ್ದರು, ಕ್ಷೌರಿಕರು ಬಾವು ಕೊಯ್ಯುತ್ತಿದ್ದರು. ಓದಿದವನಿಗೂ ಕೊಯ್ಯುವವನಿಗೂ ನಂಟು ಕಡಿದಿತ್ತು.

ಮಿಷನರಿಗಳ ಗುರಿ ಮತಪ್ರಚಾರವಾಗಿತ್ತಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ಹೌದು, ಅವರೇ ಅದನ್ನು ಮುಚ್ಚಿಟ್ಟಿರಲಿಲ್ಲ. ಆದರೂ ಮಿರಜಿನ ವೈದ್ಯಕೀಯ ಶಾಲೆಯಲ್ಲಿ ಕಡಿದುಹೋದ ಆ ನಂಟು ಮತ್ತೆ ಬೆಸೆಯಿತು, ಕಲಿತವರು ಈ ನೆಲದವರು. ವಾನ್ಲೆಸ್ಸರ ಉದ್ದೇಶವನ್ನು ಒಪ್ಪದವರೂ ಅವರ ಪಾಠದ ಫಲವನ್ನು ಉಂಡಿದ್ದಾರೆ. ಆ ಕಾಲದ ಲೈಸೆನ್ಷಿಯೇಟ್ ವೈದ್ಯರೇ, ಅಂದರೆ ಪದವಿಗಿಂತ ಕಿರಿದಾದ ಕೋರ್ಸು ಮುಗಿಸಿದವರೇ, ಹಳ್ಳಿಗಳಿಗೆ ಹತ್ತಿರವಿದ್ದವರು. ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ 1946ರ ಭೋರ್ ಸಮಿತಿ ದೇಶಕ್ಕೆ ಒಂದೇ ಬಗೆಯ ಪದವಿ ವೈದ್ಯರು ಸಾಕೆಂದಿತು. ಗುಣಮಟ್ಟಕ್ಕೆ ಅದು ಸರಿ, ಹಳ್ಳಿಗೆ ಅದರಿಂದ ನಷ್ಟವೂ ಆಯಿತೆಂದೇ ನನ್ನೆಣಿಕೆ. ಆಮೇಲೆ 1957ರಲ್ಲಿ ಹುಬ್ಬಳ್ಳಿಯಲ್ಲಿ, 1963ರಲ್ಲಿ ಬೆಳಗಾವಿಯಲ್ಲಿ ವೈದ್ಯಕೀಯ ಕಾಲೇಜುಗಳು ಬಂದವು. ಅಷ್ಟರಲ್ಲಿ ಶಸ್ತ್ರಕ್ರಿಯೆಗೆ ಹೆದರದೆ ರೈಲು ಹತ್ತುವ ಎರಡು ತಲೆಮಾರುಗಳು ಇಲ್ಲಿ ತಯಾರಾಗಿದ್ದವು.

ಇಂದು ಉದರದ ಸರ್ಜನ್ ಆಗಲು ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್‌ಗೆ ಐದೂವರೆ ವರ್ಷ, ಎಂಎಸ್‌ಗೆ 3, ಎಂಸಿಎಚ್‌ಗೆ ಮತ್ತೆ 3. ಉದರದರ್ಶಕದ (ಲ್ಯಾಪರೋಸ್ಕೋಪ್) ಮೂಲಕ ಪಿತ್ತಕೋಶ ತೆಗೆಯುವ ವಿದ್ಯೆ 1990ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಟೆಹೆಮ್ಟನ್ ಉದ್ವಾಡಿಯಾ ಅವರ ಕೈಯಲ್ಲಿ ಭಾರತಕ್ಕೆ ಬಂತು. ಒಂದು ಗೇಣಿನ ಗಾಯ ಕೆಲವು ತೂತುಗಳಿಗೆ ಇಳಿಯಿತು, ಕೂಲಿಯವರು ಬೇಗ ಕೆಲಸಕ್ಕೆ ಮರಳುವಂತಾಯಿತು. ಹೀಗಿರುವಾಗ ಸರ್ಜನ್ನನ ಫಲಕದಲ್ಲಿ ‘ಗ್ಯಾಸ್ಟ್ರೋ’ ಜೊತೆಗೆ ‘ಜನರಲ್’ ಏಕೆ, ಅದು ಹಳಸಿದ ಪದವಲ್ಲವೇ ಎನ್ನುವವರಿಗೆ ನಮ್ಮ ಈ ಕಬ್ಬಿನ ಸೀಮೆಯೇ ಉತ್ತರ. ಎತ್ತು ಹಾಯ್ದ ಹೊಟ್ಟೆಯಲ್ಲಿ ಕರುಳು ಹರಿದಿದೆಯೋ, ಗುಲ್ಮ ಒಡೆದಿದೆಯೋ, ಕೊಂಬು ಪಕ್ಕೆಲುಬು ದಾಟಿ ಎದೆಗೂಡಿಗೆ ನುಗ್ಗಿದೆಯೋ ತೆರೆಯುವ ಮುನ್ನ ತಿಳಿದೀತೆಂಬ ಖಾತ್ರಿಯಿಲ್ಲ. ನಡುರಾತ್ರಿ ಅಂಥವನನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದವರಿಗೆ ಬೇಕಾಗುವುದು ಮೂರನ್ನೂ ಬಲ್ಲ ಒಂದೇ ಜೋಡಿ ಕೈ, ಅದೂ ಗೋಕಾಕದಲ್ಲೇ.