ಪೈಲ್ವಾನರ ವಲಸೆ (ಜಮಖಂಡಿ–ಮುಧೋಳ ಸೀಮೆ)

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಹುಡುಗರು ಊರಿನ ಗರಡಿಮನೆ ಬಿಟ್ಟು ದೊಡ್ಡ ತಾಲೀಮನ್ನೋ ಕ್ರೀಡಾ ವಸತಿ ನಿಲಯವನ್ನೋ ಸೇರುವ ರೂಢಿ. ಶಾಹು ಮಹಾರಾಜರು ಖಾಸಬಾಗ್ ಮೈದಾನ ಕಟ್ಟಿಸಿದ ಕೊಲ್ಲಾಪುರ ಹಳೆಯ ಸೆಳೆತ. ದಾವಣಗೆರೆಯ ಕ್ರೀಡಾ ನಿಲಯ ಈಚಿನದು.

ಗರಡಿಯ ಕೆಮ್ಮಣ್ಣನ್ನು ಎಣ್ಣೆ, ಮಜ್ಜಿಗೆ, ಅರಿಷಿಣ, ಲಿಂಬೆರಸ ಬೆರೆಸಿ ಹದ ಮಾಡುತ್ತಾರೆ. ಅಲ್ಲಿ ಎದುರಾಳಿಯನ್ನು ಚಿತ್ ಮಾಡಿದರೇ ಗೆಲುವು. ಮ್ಯಾಟಿನ ಮೇಲೆ ಮೂರು ನಿಮಿಷದ ಎರಡು ಸುತ್ತು, ಫಲಿಸಿದ ಪಟ್ಟಿಗೆ ಅಂಕ. ಹೀಗಾಗಿ ವಲಸೆ ಹೋದವನು ನಿಲುವು, ಉಸಿರು ಎರಡನ್ನೂ ಹೊಸದಾಗಿ ಪಳಗಿಸಬೇಕು. ಮೊದಲ ಪಟ್ಟು ಕಲಿಸಿದ ವಸ್ತಾದರ ಹೆಸರು ಮಾತ್ರ ಪದಕದ ದಾಖಲೆಯಲ್ಲಿ ಇರುವುದಿಲ್ಲ. ಇದು ಅನ್ಯಾಯ.

ಆಟಗಾರರ ವಲಸೆ ಬೇರೆಡೆಯೂ ಇದೆ. ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ 2021ರಿಂದ ಆಟಗಾರ ಮೊದಲ ಸಲ ಕಾಲೇಜು ಬದಲಿಸಿದಾಗ ಒಂದು ವರ್ಷ ಹೊರಗೆ ಕೂರಬೇಕಿಲ್ಲ. ಅಲ್ಲಿ ವಲಸೆಯೊಂದಿಗೆ ಹಣವೂ ಓಡಾಡುತ್ತದೆ. ಇಲ್ಲಿ ಹುಡುಗನನ್ನು ಎಳೆಯುವುದು ಊಟ, ಮ್ಯಾಟು, ತರಬೇತುದಾರ, ಮುಂದೆ ಸಿಗಬಹುದಾದ ರೈಲ್ವೆ ಅಥವಾ ಸೇನೆಯ ನೌಕರಿ. ವಿಶ್ವವಿದ್ಯಾಲಯಗಳ ನಡುವಿನ ಕೂಟದಲ್ಲಿ ಅವನು ಗೆದ್ದ ಪದಕ ಅವನು ಸೇರಿದ ಕಾಲೇಜಿನ ವಿಶ್ವವಿದ್ಯಾಲಯಕ್ಕೇ ಸಲ್ಲುತ್ತದೆ. ಸೀಮೆಯಲ್ಲೇ ಓದಿದವನ ಪದಕ ಸೀಮೆಗೇ ಸಲ್ಲುವ ಅವಕಾಶವೂ ಬಂತು: 2023ರಲ್ಲಿ ಜಮಖಂಡಿಯಲ್ಲೇ ಬಾಗಲಕೋಟೆ ವಿಶ್ವವಿದ್ಯಾಲಯ ಆರಂಭವಾಯಿತು.

ಜಿಲ್ಲೆಯ ಕುಸ್ತಿ ಏಷ್ಯಾ ಮಟ್ಟಕ್ಕೂ ಮುಟ್ಟಿದೆ: ಇದೇ ಜಿಲ್ಲೆಯ ಪೈಲ್ವಾನ ಅರ್ಜುನ ಹಲಕುರ್ಕಿ 2020ರ ದೆಹಲಿ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ 55 ಕೆ.ಜಿ. ಗ್ರೀಕೋ-ರೋಮನ್ ಕಂಚು ಗೆದ್ದರು.