ಸಿಯಾಚಿನ್ ಹಿಮಕುಸಿತ, 2016

ಸಿಯಾಚಿನ್ ಹಿಮಕುಸಿತವು 2016ರ ಫೆಬ್ರವರಿ 3ರ ಮುಂಜಾನೆ ಕಾರಾಕೋರಂ ಪರ್ವತಶ್ರೇಣಿಯಲ್ಲಿ ಸಂಭವಿಸಿದ ದುರಂತ. ಸುಮಾರು 19,600 ಅಡಿ ಎತ್ತರದಲ್ಲಿರುವ ಸೋನಂ ಸೇನಾ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು, ಮದ್ರಾಸ್ ರೆಜಿಮೆಂಟಿನ 19ನೆಯ ಬೆಟಾಲಿಯನ್‌ಗೆ ಸೇರಿದ ಹತ್ತು ಮಂದಿ ಯೋಧರು ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು: ಒಬ್ಬರು ಹಾಸನ ಜಿಲ್ಲೆಯವರು, ಒಬ್ಬರು ಮೈಸೂರು ಜಿಲ್ಲೆಯವರು, ಮತ್ತೊಬ್ಬರು ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ.

ಇಂತಹ ಘಟನೆಗೆ ಕನ್ನಡದಲ್ಲಿ 'ಹಿಮಪಾತ' ಎಂಬ ಪದವನ್ನೂ ಬಳಸುವುದುಂಟು. ಆಕಾಶದಿಂದ ಹಿಮ ಸುರಿಯುವುದಕ್ಕೂ ಅದೇ ಪದವಿರುವುದರಿಂದ, ರಾಶಿ ಜಾರಿ ಬೀಳುವುದಕ್ಕೆ 'ಹಿಮಕುಸಿತ' ಎಂಬುದೇ ಸ್ಪಷ್ಟ.

ಹಿಮಪದರ ಮತ್ತು ಅಪಾಯ

ಇಳಿಜಾರಿನ ಹಿಮವು ಒಂದೇ ಗಟ್ಟಿ ರಾಶಿಯಲ್ಲ. ಪ್ರತಿ ಬಾರಿ ಬಿದ್ದ ಹಿಮ ಒಂದೊಂದು ಪದರವಾಗಿ ಉಳಿಯುತ್ತದೆ. ಹೊರಗೆ ಕಡುಚಳಿ, ತಳದ ನೆಲ ತುಸು ಬೆಚ್ಚಗೆ ಇದ್ದಾಗ ಕೆಳಗಿನ ನೀರಾವಿ ಮೇಲೇರಿ, ತಳದ ಹಿಮವು ಸಕ್ಕರೆಯಂತಹ ಬಿಡಿ ಹರಳುಗಳಾಗಿ ಮಾರ್ಪಡುತ್ತದೆ. ಇವು ಒಂದಕ್ಕೊಂದು ಅಂಟುವುದಿಲ್ಲ. ಈ ದುರ್ಬಲ ಪದರದ ಮೇಲೆ ಗಾಳಿ ತಂದೊಡ್ಡಿದ ಹಿಮವು ಗಟ್ಟಿ ಹಲಗೆಯಾದಾಗ, ಒಬ್ಬನ ಭಾರಕ್ಕೂ ಅದು ಸೀಳಿ ಜಾರಬಹುದು. 30ರಿಂದ 45 ಡಿಗ್ರಿ ಇಳಿಜಾರು ಇದಕ್ಕೆ ಹೆಚ್ಚು ಅನುಕೂಲ. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ ಶಿಖರದಲ್ಲಿ ಪರ್ವತಾರೋಹಣ ಶಿಬಿರಾರ್ಥಿಗಳನ್ನು ಬಲಿತೆಗೆದುಕೊಂಡದ್ದೂ ಹಿಮಕುಸಿತವೇ. ಮೃತರಲ್ಲಿ ಕರ್ನಾಟಕದವರೂ ಇದ್ದರು. ಸೋನಂನಲ್ಲಿ ಮಾತ್ರ ಬಿದ್ದದ್ದು ಸಡಿಲ ಹಿಮವಲ್ಲ, ಕಾಂಕ್ರೀಟಿನಷ್ಟು ಗಟ್ಟಿಯಾದ ಮಂಜುಗಡ್ಡೆಯ ಬಂಡೆಗಳು.

ಶೋಧಕಾರ್ಯ

ಗಡ್ಡೆಯನ್ನು ಕೊರೆಯಲು ಯಂತ್ರಗಳನ್ನೂ ಆಳದ ವಸ್ತುಗಳನ್ನು ಗುರುತಿಸುವ ರೇಡಾರ್‌ಗಳನ್ನೂ ಹೆಲಿಕಾಪ್ಟರಿನಲ್ಲಿ ಸಾಗಿಸಲಾಯಿತು. ಡಾಟ್ ಮತ್ತು ಮಿಶಾ ಎಂಬ ಸೇನಾ ನಾಯಿಗಳು ಹುಡುಕಾಟದಲ್ಲಿ ನೆರವಾದವು. ಹಿಮದಡಿ ಸಿಲುಕಿದವರನ್ನು ಸುಮಾರು ಕಾಲು ಗಂಟೆಯೊಳಗೆ ಹೊರತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಅನಂತರ ಉಸಿರುಗಟ್ಟಿ ಸಾಯುವವರ ಪ್ರಮಾಣ ಬೇಗನೆ ಏರುತ್ತದೆ. ಆದರೂ ಫೆಬ್ರವರಿ 8ರ ಸಂಜೆ, ಆರನೆಯ ದಿನ, ಕೊಪ್ಪದ ಅವರು ಹಲವು ಅಡಿಗಳ ಆಳದಲ್ಲಿ ಜೀವಂತವಾಗಿ ಸಿಕ್ಕರು. ಅವರ ಗುಡಾರದ ಬಳಿ ಗಾಳಿ ಉಳಿದಿದ್ದ ಪೊಳ್ಳು ಜಾಗವೇ ಅವರನ್ನು ಕಾಪಾಡಿತೆಂದು ಭಾವಿಸಲಾಗಿದೆ. ಉಳಿದ ಒಂಬತ್ತು ಮಂದಿ ಶವವಾಗಿ ದೊರೆತರು. ದೆಹಲಿಯ ಸೇನಾ ಆಸ್ಪತ್ರೆಗೆ ಸಾಗಿಸಲಾದ ಕೊಪ್ಪದ ಅವರು ಬಹುಅಂಗಾಂಗ ವೈಫಲ್ಯದಿಂದ ಫೆಬ್ರವರಿ 11ರಂದು ನಿಧನರಾದರು. ಅಂತ್ಯಕ್ರಿಯೆ ಬೆಟದೂರಿನಲ್ಲಿ ನಡೆಯಿತು.