ಅರ ಮತ್ತು ಗರಗಸ

ನಮ್ಮ ಇತಿಹಾಸದ ಪಠ್ಯಪುಸ್ತಕಗಳಲ್ಲಿ ಖಡ್ಗಕ್ಕೆ ದೊಡ್ಡ ಮರ್ಯಾದೆ. ಯಾರು ಯಾರ ಮೇಲೆ, ಯಾವ ಇಸವಿಯಲ್ಲಿ ಅದನ್ನು ಹಿರಿದರೆಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆದರೆ ತಲೆಯ ಮೇಲಿನ ತೊಲೆ, ಮಲಗುವ ಮಂಚ, ಮಗುವನ್ನು ತೂಗುವ ತೊಟ್ಟಿಲು, ರೈಲು ಹಳಿಯ ಕೆಳಗಿನ ಸ್ಲೀಪರು ಇವನ್ನೆಲ್ಲ ಕೊಟ್ಟ ಗರಗಸಕ್ಕೆ ಅಲ್ಲಿ ಒಂದು ಸಾಲೂ ಇಲ್ಲ. ಇನ್ನು ಆ ಗರಗಸದ ಹಲ್ಲುಗಳನ್ನು ದಿನವೂ ಅರದಿಂದ ಉಜ್ಜಿ ಹರಿತ ಮಾಡಿದವನ ಮಾತಂತೂ ದೂರವೇ ಉಳಿಯಿತು. ಅಡಿಗೆಮನೆಯ ಈಳಿಗೆಯನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊಂಡ ಈಳಿಗೆ ಬದನೆಕಾಯಿಯನ್ನು ಹೆಚ್ಚುವುದಿಲ್ಲ, ಜಜ್ಜುತ್ತದೆ. ಜಾರಿದರೆ ಬೆರಳಿಗೇ ಬರುತ್ತದೆ.

ನಮ್ಮ ಧಾರವಾಡ ಬಯಲುಸೀಮೆ, ಮಲೆನಾಡುಗಳ ನಡುವಿನ ಹೊಸ್ತಿಲು. ಇಲ್ಲಿಂದ ಪಶ್ಚಿಮಕ್ಕೆ ಅಳ್ನಾವರ, ಹಳಿಯಾಳ ದಾಟಿದರೆ ದಾಂಡೇಲಿ, ಕಾಳಿ ನದಿ, ಸಾಗವಾನಿಯ ಕಾಡು. ಈ ಸಾಗವಾನಿಯ ಮೇಲೆ ಇಂಗ್ಲಿಷರ ಕಣ್ಣು ಮೊದಲು ಬಿದ್ದದ್ದು ಹಡಗು ಕಟ್ಟುವ ಸಲುವಾಗಿ. 1847ರಲ್ಲಿ ಮುಂಬಯಿ ಸರ್ಕಾರ ಅಲೆಕ್ಸಾಂಡರ್ ಗಿಬ್ಸನ್ ಎಂಬ ವೈದ್ಯನನ್ನು ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಿಸಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆ ನಮ್ಮ ಕಡೆ ಬಂತು. ಮುಂದೆ ಅಳ್ನಾವರದಿಂದ ದಾಂಡೇಲಿಗೆ ಒಂದು ಕವಲು ಹಳಿಯೇ ಬಿತ್ತು, ಮುಖ್ಯವಾಗಿ ಮರ ಸಾಗಿಸಲು. 1950ರ ದಶಕದಲ್ಲಿ ದಾಂಡೇಲಿಗೆ ಕಾಗದದ ಗಿರಣಿ ಬಂದು ಬಿದಿರಿಗೂ ಬೇಡಿಕೆ ಹೆಚ್ಚಿತು. ಕಲಘಟಗಿಯ ಬಣ್ಣದ ತೊಟ್ಟಿಲು ಮಾಡುವವರಿಗೂ ಬೇಕಾದದ್ದು ಇದೇ ಸಾಗವಾನಿ. ಹಡಗಿಗಾಗಲಿ, ತೊಟ್ಟಿಲಿಗಾಗಲಿ, ಮರ ಮೊದಲು ಗರಗಸದ ಬಾಯಿಗೆ ಬರಬೇಕು.

1970ರ ದಶಕದಲ್ಲಿ, ನಾನು ಪರಕರ ಉಟ್ಟು ಶಾಲೆಗೆ ಹೋಗುವಾಗ, ಊರಿನ ಕಟ್ಟಿಗೆ ಅಡ್ಡೆಗಳಲ್ಲಿ ಕೈಗರಗಸದವರು ಇನ್ನೂ ಇದ್ದರು. ಒಂದು ತಗ್ಗು, ಅದರ ಮೇಲೆ ಅಡ್ಡಲಾಗಿ ಇಟ್ಟ ದಿಮ್ಮಿ. ಒಬ್ಬ ದಿಮ್ಮಿಯ ಮೇಲೆ ನಿಲ್ಲುವನು, ಇನ್ನೊಬ್ಬ ತಗ್ಗಿನೊಳಗೆ. ನಡುವೆ ಆಳೆತ್ತರದ ಗರಗಸ. ಕೆಳಗಿನವನ ತಲೆ, ಹುಬ್ಬು, ಎದೆಯ ತುಂಬ ಮರದ ಹೊಟ್ಟು. ಆಗಾಗ ಕೆಲಸ ನಿಲ್ಲಿಸಿ ಇಬ್ಬರೂ ನೆರಳಿಗೆ ಬರುತ್ತಿದ್ದರು. ಅದು ವಿಶ್ರಾಂತಿ ಎಂದು ನಾವು ತಿಳಿದಿದ್ದೆವು. ಅಲ್ಲ, ಹಿರಿಯವನು ಗರಗಸವನ್ನು ಮೊಳಕಾಲುಗಳ ನಡುವೆ ಹಿಡಿದು, ಮೂರು ಮೂಲೆಯ ಅರದಿಂದ ಒಂದೊಂದೇ ಹಲ್ಲು ಉಜ್ಜುತ್ತಿದ್ದ. ಆಮೇಲೆ ಒಂದು ಹಲ್ಲನ್ನು ತುಸು ಎಡಕ್ಕೆ, ಮುಂದಿನದನ್ನು ತುಸು ಬಲಕ್ಕೆ ಬಾಗಿಸುತ್ತಿದ್ದ. ಹಾಗೆ ಮಾಡದಿದ್ದರೆ ಕೊಯ್ದ ಸೀಳು ಅಲಗಿನಷ್ಟೇ ಸಪೂರಾಗಿ ಗರಗಸ ಮರದೊಳಗೆ ಸಿಕ್ಕಿಕೊಳ್ಳುತ್ತದೆ. "ಹಲ್ಲು ಮೊಂಡಾತಂದ್ರ ಗರಗಸ ಕೊಯ್ಯೂದಿಲ್ಲವ್ವಾ, ಬರೇ ತಿಕ್ಕತೈತಿ. ಮರಾನೂ ಸಾಯ್ತೈತಿ, ಮನಶಾನೂ ಸಾಯ್ತಾನ" ಎಂದು ಆತ ಹೇಳಿದ್ದು ನನಗೆ ಇನ್ನೂ ನೆನಪಿದೆ.

ಆ ತಗ್ಗುಗಳು ಮುಚ್ಚಿಹೋದವು. ಮರ ಉರುಳಿಸುವಲ್ಲಿ ಈಗ ಎಲ್ಲೆಲ್ಲೂ ಪೆಟ್ರೋಲಿನ ಸರಪಳಿ ಗರಗಸ. ಅದರ ಹುಟ್ಟಿನ ಕತೆ ಕೇಳಿದರೆ ನೀವು ಬೆಚ್ಚುತ್ತೀರಿ. ಅದು ಮೊದಲು ಹುಟ್ಟಿದ್ದು ಮರಕ್ಕಲ್ಲ, ಬಾಣಂತಿಗೆ. 18ನೇ ಶತಮಾನದ ಕೊನೆಗೆ ಸ್ಕಾಟ್ಲೆಂಡಿನ ಜಾನ್ ಐಟ್ಕೆನ್ ಮತ್ತು ಜೇಮ್ಸ್ ಜೆಫ್ರೆ ಎಂಬ ವೈದ್ಯರು, ಕೂಸು ಹೊರಬರದೆ ಸಿಕ್ಕಿಕೊಂಡಾಗ ತಾಯಿಯ ಸೊಂಟದ ಎಲುಬಿನ ಕೀಲನ್ನು ಬಿಡಿಸಲು ಹಲ್ಲುಗಳುಳ್ಳ ಸಣ್ಣ ಸರಪಳಿಯೊಂದನ್ನು ಮಾಡಿದರು. ಎರಡೂ ತುದಿಗೆ ಹಿಡಿಕೆ, ಕೈಯಿಂದಲೇ ಎಳೆಯುವುದು. ಹೊಟ್ಟೆ ಕೊಯ್ದು ಕೂಸು ತೆಗೆದರೆ ತಾಯಿ ಬದುಕುವುದೇ ಅಪರೂಪವಾಗಿದ್ದ ಕಾಲ ಅದು. ಆ ಸರಪಳಿಯ ಕೆಳಗೆ ಮಲಗಿದ ಹೆಂಗಸರ ಹೆಸರು ಯಾವ ಪುಸ್ತಕದಲ್ಲಿದ್ದೀತು?

ಮರ ಕೊಯ್ಯುವ ಯಂತ್ರ ಬಂದದ್ದು ಬಹಳ ತಡವಾಗಿ. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ತಿನಿಂದ, 1929ರಲ್ಲಿ ಪೆಟ್ರೋಲಿನಿಂದ ನಡೆಯುವ ಸರಪಳಿ ಗರಗಸ ಮಾಡಿದ. ಇಬ್ಬರು ಹೊರಬೇಕಾದಷ್ಟು ಭಾರ. ಅದರ ಹಲ್ಲುಗಳೂ ಹಳೆಯ ಗರಗಸದ ಹಲ್ಲಿನಂಥವೇ, ಬಹುಬೇಗ ಮೊಂಡಾಗುತ್ತಿದ್ದವು. 1946ರಲ್ಲಿ ಅಮೆರಿಕದ ಆರೆಗಾನ್ ಪ್ರಾಂತದಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು, ಒಂದು ಮರದ ಬೊಡ್ಡೆಯನ್ನು ತಿನ್ನುತ್ತಿದ್ದ ಜೀರುಂಡೆಯ ಹುಳುವನ್ನು ಕಂಡ. ಅದು ಎಡ ಬಲಕ್ಕೆ ದವಡೆ ಆಡಿಸುತ್ತ ಗಟ್ಟಿ ಮರವನ್ನು ಸಲೀಸಾಗಿ ಕೊರೆಯುತ್ತಿತ್ತು. ಅದನ್ನೇ ನೋಡಿ ಎಡಕ್ಕೊಂದು ಬಲಕ್ಕೊಂದು ಬಾಗಿದ ಹಲ್ಲಿನ ಸರಪಳಿ ಮಾಡಿದ. ಇಂದಿಗೂ ಬಹುತೇಕ ಸರಪಳಿಗಳಿಗೆ ಅದೇ ಮಾದರಿ. ನಮ್ಮ ಅಡ್ಡೆಯ ಮುದುಕ ಮೊಳಕಾಲಿನಲ್ಲಿ ಹಿಡಿದು ಮಾಡುತ್ತಿದ್ದುದೂ ಹೆಚ್ಚುಕಡಿಮೆ ಅದೇ ಎಡ-ಬಲದ ಲೆಕ್ಕ!

ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲ ನಮ್ಮ ಶಾಲೆಯ ಅಂಗಳದ ಮಳೆಮರ ಬುಡಮೇಲಾಗಿ ಬಿತ್ತು. ಅದನ್ನು ತುಂಡು ಮಾಡಲು ಬಂದ ಹುಡುಗ ಕೊಯ್ಯುವುದಕ್ಕಿಂತ ಉಜ್ಜುವುದರಲ್ಲಿಯೇ ಹೆಚ್ಚು ಮನಸ್ಸಿಟ್ಟವನು. ಯಂತ್ರ ಆರಿಸಿ, ಕೈಚೀಲ ತೊಟ್ಟು, ಪೆನ್ಸಿಲ್ ದಪ್ಪಕ್ಕಿಂತ ಸಪೂರಾದ ದುಂಡು ಅರ ತೆಗೆದ. ಅಂಚಿಗೆ ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು ಒಳಗಿನಿಂದ ಹೊರಗೆ ಮಾತ್ರ ನೂಕುವನು, ಹಿಂದಕ್ಕೆ ಎಳೆಯುವಂತಿಲ್ಲ. ಒಂದು ಹಲ್ಲಿಗೆ ಮೂರು ಸಲವಾದರೆ ಎಲ್ಲಕ್ಕೂ ಮೂರೇ ಸಲ. ಎಡದ ಹಲ್ಲುಗಳು ಉದ್ದ, ಬಲದವು ಗಿಡ್ಡವಾದರೆ ಗರಗಸ ನೆಟ್ಟಗೆ ಹೋಗದೆ ಒಂದು ಕಡೆ ಎಳೆಯುತ್ತದಂತೆ. ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ಗುಬುಟು. ಹಲ್ಲಿಗಿಂತ ಅದು ಸುಮಾರು ಅರ್ಧ ಮಿಲಿಮೀಟರಿಗೆ ಸ್ವಲ್ಪ ಮೇಲ್ಪಟ್ಟು ತಗ್ಗಿರಬೇಕು. ತಗ್ಗದಿದ್ದರೆ ಹಲ್ಲು ಮರವನ್ನು ಮುಟ್ಟುವುದೇ ಇಲ್ಲ, ಅತಿಯಾಗಿ ತಗ್ಗಿದರೆ ಹಲ್ಲು ದೊಡ್ಡ ತುತ್ತು ಕಚ್ಚಿ ಯಂತ್ರ ಮುಖದ ಕಡೆಗೆ ಹಾರುತ್ತದೆ. ಒಂದು ಕಲ್ಲು, ಒಂದು ಹಳೆಯ ಮೊಳೆ ತಾಗಿದರೂ ಬೆಳಗಿನ ಹರಿತ ಅಲ್ಲಿಗೆ ಮುಗಿಯಿತು. ಕೊನೆಗೆ ಎಣ್ಣೆ ನೋಡಿ, ಸರಪಳಿಯ ಬಿಗಿ ನೋಡಿ ಯಂತ್ರ ಹಚ್ಚಿದ. "ಚಕ್ಕಿ ಬಿದ್ರ ಹರಿತ ಐತಂತ ತಿಳೀರಿ ಟೀಚರ್. ಹಿಟ್ಟು ಬಿತ್ತಂದ್ರ ನಾನು ಮತ್ತ ಕುಂದ್ರಬೇಕು" ಎಂದ.

ಮುದುಕನ ಮಾತು, ಹುಡುಗನ ಮಾತು ಒಂದೇ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಮುದುಕನ ಗರಗಸಕ್ಕೆ ದೊಡ್ಡ ಮರ ಒಂದು ಹೊತ್ತಿನ ಕೆಲಸ. ಆ ಹೊತ್ತಿನಲ್ಲಿ ಸುದ್ದಿ ಹಬ್ಬಬಹುದು, ಯಾರಾದರೂ ಓಡಿ ಬಂದು ಕೇಳಬಹುದು. 1983ರ ಸೆಪ್ಟೆಂಬರ್ 8ರಂದು ಶಿರಸಿಯ ಹತ್ತಿರದ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿಕೊಂಡರು. ಹೆಂಗಸರೂ ಮಕ್ಕಳೂ ಅದರಲ್ಲಿದ್ದರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ಅಪ್ಪಲು ಮರ ನಿಂತಿರಬೇಕು. ಹರಿತ ಸರಪಳಿಗೆ ಅದೇ ಮರ ಕೆಲವು ನಿಮಿಷಗಳ ಮಾತು. ಎದ್ದು ಸೆರಗು ಸಿಕ್ಕಿಸಿ ಹೊರಡುವುದರೊಳಗೆ ಕಾಂಡ ನೆಲದ ಮೇಲಿರುತ್ತದೆ.

ಹಾಗೆಂದು ಹರಿತವನ್ನು ದೂರಿ ಉಪಯೋಗವಿಲ್ಲ. ಮೊಂಡ ಸರಪಳಿ ಕಾಡನ್ನು ಉಳಿಸುವುದಿಲ್ಲ, ಕೊಯ್ಯುವ ಹುಡುಗನ ಭುಜವನ್ನು ತಿನ್ನುತ್ತದೆ. ಅರ ಹಿಡಿದ ಕೈಗೆ ಅನ್ನ ಬೇಕು, ಕ್ಷೇಮವೂ ಬೇಕು. ಮೊದಲು ಗರಗಸದ ನಿಧಾನವೇ ನಮ್ಮ ಪರವಾಗಿ ಮಾಡುತ್ತಿದ್ದ ವಿಚಾರವನ್ನು ಈಗ ನಾವೇ, ಯಂತ್ರ ಹಚ್ಚುವ ಮೊದಲೇ ಮಾಡಬೇಕು, ಅಷ್ಟೆ. ನಮ್ಮ ರಾಜ್ಯದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಕೆಲವು ಜಾತಿಗಳನ್ನು ಬಿಟ್ಟರೆ, ಸ್ವಂತ ಅಂಗಳದ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಮುಂದಿನ ಸಲ ನಿಮ್ಮ ಓಣಿಯಲ್ಲಿ ಸರಪಳಿಯ ಸದ್ದು ಕೇಳಿದರೆ ಬಾಗಿಲಿಗೆ ಬನ್ನಿ. ಅನುಮತಿಯ ಕಾಗದ ಎಲ್ಲಿ ಎಂದು ಕೇಳಿ. ಕಾಗದ ಇದ್ದರೆ, ಬೀಳುತ್ತಿರುವುದು ಚಕ್ಕೆಯೋ ಹಿಟ್ಟೋ ನೋಡಿ. ಹಿಟ್ಟಾದರೆ ಆ ಹುಡುಗನಿಗೆ ಒಂದು ಬಟ್ಟಲು ಚಹಾ ಕೊಟ್ಟು, ಕೂತು ಹಲ್ಲು ಉಜ್ಜಿಕೊಳ್ಳಲು ಹೇಳಿ.